ಮಗುವನ್ನು ನಡುವೆ ನಿಲ್ಲಿಸಿದಾಗ

2025ರ ಸೆಪ್ಟೆಂಬರ್ 7, ಭಾನುವಾರ. ಕರಾವಳಿಯ ನಮ್ಮ ಚರ್ಚುಗಳಲ್ಲಿ ಅಂದು ಮೊಂತಿ ಫೆಸ್ತಿನ ನೊವೆನಾದ ಒಂಬತ್ತನೆಯ ದಿನ. ಬುಟ್ಟಿ, ತಟ್ಟೆ, ಪ್ಲಾಸ್ಟಿಕ್ ಚೀಲ, ಸಿಕ್ಕಿದ್ದರಲ್ಲಿ ಹೂ ತುಂಬಿಕೊಂಡು ಮಕ್ಕಳು ಸಾಲಾಗಿ ಬಂದು ಬಾಲೆ ಮರಿಯಮ್ಮನವರ ಪ್ರತಿಮೆಯ ಎದುರು ಅರ್ಪಿಸಿದರು. ಅದೇ ದಿನ ರೋಮಿನ ಸಂತ ಪೇತ್ರರ ಚೌಕದಲ್ಲಿ ಪೋಪ್ ಹದಿನಾಲ್ಕನೆಯ ಲಿಯೋರವರು 15ನೇ ವಯಸ್ಸಿನಲ್ಲಿ ತೀರಿಕೊಂಡ ಕಾರ್ಲೊ ಅಕುಟಿಸ್ ಎಂಬ ಹುಡುಗನನ್ನು ಸಂತ ಪದವಿಗೇರಿಸಿದರು. ಅವನ ಜೊತೆಯಲ್ಲಿ 24ನೇ ವಯಸ್ಸಿಗೆ ತೀರಿಕೊಂಡ ಪಿಯರ್ ಜೋರ್ಜೊ ಫ್ರಸ್ಸಾತಿಯವರೂ ಸಂತರಾದರು. ಮೊದಲು ನಿಶ್ಚಯವಾಗಿದ್ದ ದಿನಾಂಕದಂತೆ ನಡೆದಿದ್ದರೆ ಕಾರ್ಲೊನ ಸಂತ ಪದವಿ ಏಪ್ರಿಲ್ 27ರಂದೇ ಆಗಿಬಿಡಬೇಕಿತ್ತು. ಪೋಪ್ ಫ್ರಾನ್ಸಿಸ್ ರವರು ಏಪ್ರಿಲ್ 21ರಂದು ನಿಧನರಾದ ಕಾರಣ ಅದು ಮುಂದಕ್ಕೆ ಹೋಗಿ, ನಮ್ಮ ಲೆಕ್ಕದಲ್ಲಿ ಸರಿಯಾಗಿ ತೆನೆ ಹಬ್ಬದ ಹಿಂದಿನ ದಿನಕ್ಕೆ ಬಂದು ನಿಂತಿತು.

ಆ ದಿನಗಳಲ್ಲಿ ನಮ್ಮ ಕ್ರೈಸ್ತ ಶಿಕ್ಷಣದ ತರಗತಿಗಳಲ್ಲಿ ನಾವು ಶಿಕ್ಷಕರು ಹೇಳಿದ್ದೇನು? "ಮಕ್ಕಳೇ, ಕಾರ್ಲೊನಂತೆ ಆಗಿ. ಮೊಬೈಲ್ ಕಡಿಮೆ ಮಾಡಿ. ದಿನವೂ ಪೂಜೆಗೆ ಬನ್ನಿ. ಜಪಸರ ಬಿಡಬೇಡಿ." ತಪ್ಪೇನಿಲ್ಲ. ವೀಡಿಯೊ ಗೇಮ್ ಆಟಕ್ಕೆ ವಾರಕ್ಕೆ ಒಂದು ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ, ಪರಮಪ್ರಸಾದದ ಅದ್ಭುತಗಳ ಬಗ್ಗೆ ಜಾಲತಾಣ ಕಟ್ಟಿದ್ದ ಹುಡುಗನನ್ನು ಮಕ್ಕಳಿಗೆ ತೋರಿಸದೆ ಇನ್ನಾರಿಗೆ ತೋರಿಸುವುದು? ಆದರೆ ಶುಭಸಂದೇಶವನ್ನು ತೆರೆದು ನೋಡಿದರೆ ಬೆರಳು ಎದುರು ದಿಕ್ಕಿನಲ್ಲಿದೆ. ಯೇಸುಸ್ವಾಮಿ ಮಗುವನ್ನು ಕರೆದು "ಈ ದೊಡ್ಡವರಂತೆ ಆಗು" ಎಂದು ಎಲ್ಲಿಯೂ ಹೇಳಲಿಲ್ಲ. ದೊಡ್ಡವರನ್ನು ಕೂರಿಸಿ, ಮಗುವನ್ನು ಅವರ ನಡುವೆ ನಿಲ್ಲಿಸಿದರು. ಪಾಠ ಕಲಿಯಬೇಕಾದವರು ಬೆಂಚಿನ ಮೇಲಿದ್ದ ಮಕ್ಕಳಲ್ಲ, ಕಪ್ಪು ಹಲಗೆಯ ಮುಂದೆ ನಿಂತಿದ್ದ ನಾವು.

ಕಾರ್ಲೊನ ಮನೆಯಲ್ಲಿಯೂ ನಡೆದದ್ದು ಹಾಗೆಯೇ. ಅವನು 1991ರ ಮೇ 3ರಂದು ಲಂಡನ್ನಿನಲ್ಲಿ ಹುಟ್ಟಿ ಮಿಲಾನಿನಲ್ಲಿ ಬೆಳೆದ. ಅವನ ತಾಯಿಯೇ ಹೇಳಿಕೊಂಡಿರುವಂತೆ, ಮಗ ಹುಟ್ಟುವ ಮೊದಲು ಚರ್ಚಿಗೆ ಹೋಗುವುದು ಅವರಿಗೆ ತೀರಾ ಅಪರೂಪ. ದಾರಿಯಲ್ಲಿ ಚರ್ಚ್ ಕಂಡರೆ ಒಳಗೆ ಹೋಗಬೇಕೆಂದು ಕೈ ಹಿಡಿದು ಎಳೆಯುತ್ತಿದ್ದವನು ಮಗ. ಅವನ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ತಾಯಿ ದೈವಶಾಸ್ತ್ರ ಕಲಿಯಲು ಹೊರಟರು. ನಾವು ಮಕ್ಕಳಿಗೆ ವಿಶ್ವಾಸವನ್ನು ದಾಟಿಸುತ್ತೇವೆ ಎಂದುಕೊಂಡಿರುತ್ತೇವೆ. ಆ ಮನೆಯಲ್ಲಿ ಅದು ಕೆಳಗಿನಿಂದ ಮೇಲಕ್ಕೆ ದಾಟಿತು. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರ್‌ನಿಂದ ಅವನು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರಲ್ಲಿ ಬೀದಿಯಲ್ಲಿ ಮಲಗುವ ಬಡವರೂ ಇದ್ದರು. ಅವರಿಗೆ ಊಟ, ಹೊದಿಕೆ ಕೊಟ್ಟು ಬರುತ್ತಿದ್ದನಂತೆ.

ಹಾಗಾದರೆ ಮಗುವಿನಂತೆ ಆಗುವುದೆಂದರೆ ಏನು? ಈ ಮಾತಿಗೆ ನಮ್ಮ ಪ್ರವಚನಗಳಲ್ಲಿ ಸಿದ್ಧ ಉತ್ತರವೊಂದಿದೆ. ಮಕ್ಕಳು ನಿಷ್ಕಳಂಕರು, ಮುಗ್ಧರು, ಹೂವಿನಂಥವರು. ಹೀಗೆ ಹೇಳುವವರು ಹೆಚ್ಚಾಗಿ ಮಕ್ಕಳನ್ನು ಸಾಕದವರು ಎಂದು ತಾಯಂದಿರು ನಗುವುದುಂಟು. ಎರಡು ವರ್ಷದ ಮಗು ತನ್ನ ಆಟಿಕೆಯನ್ನು ಇನ್ನೊಂದು ಮಗು ಮುಟ್ಟಿದಾಗ ಮಾಡುವ ರಂಪಾಟ ಕಂಡವರಿಗೆ ಮುಗ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂತ ಅಗಸ್ಟಿನರು ತಮ್ಮ ನಿವೇದನೆಗಳ ಮೊದಲ ಭಾಗದಲ್ಲೇ, ತನ್ನ ಜೊತೆ ಹಾಲು ಕುಡಿಯುವ ಇನ್ನೊಂದು ಶಿಶುವನ್ನು ನೋಡಿ ಮತ್ಸರದಿಂದ ಮುಖ ಬಿಳಿಚಿಕೊಂಡ ಕೂಸಿನ ವಿಷಯ ಬರೆದಿದ್ದಾರೆ. ಯೇಸುಸ್ವಾಮಿಯೂ ಮಕ್ಕಳ ಸ್ವಭಾವ ಬಲ್ಲವರಾಗಿದ್ದರು. ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಅವರು ತಮ್ಮ ಕಾಲದ ಜನರನ್ನು ಸಂತೆಯಲ್ಲಿ ಕುಳಿತ ಮಕ್ಕಳಿಗೆ ಹೋಲಿಸುತ್ತಾರೆ. ಕೊಳಲೂದಿದರೆ ಕುಣಿಯುವುದಿಲ್ಲ, ಶೋಕಗೀತೆ ಹಾಡಿದರೆ ಅಳುವುದಿಲ್ಲ, ಯಾವ ಆಟಕ್ಕೂ ಸೇರದ ಹಟಮಾರಿ ಮಕ್ಕಳು. ಅದು ಹೊಗಳಿಕೆಯ ಹೋಲಿಕೆಯಲ್ಲ.

ಮಗುವನ್ನು ನಡುವೆ ನಿಲ್ಲಿಸಿದ ಸಂದರ್ಭವನ್ನು ಗಮನಿಸಬೇಕು. ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಶಿಷ್ಯರು ದಾರಿಯುದ್ದಕ್ಕೂ ವಾದಿಸಿಕೊಂಡು ಬರುತ್ತಾರೆ. ಕಫೆರ್ನವುಮಿನ ಮನೆ ತಲುಪಿದ ಮೇಲೆ ಏನು ಮಾತಾಡುತ್ತಿದ್ದಿರಿ ಎಂದು ಸ್ವಾಮಿ ಕೇಳಿದರೆ ಎಲ್ಲರೂ ಮೌನ. ತಮ್ಮಲ್ಲಿ ದೊಡ್ಡವನು ಯಾರು ಎಂಬುದೇ ಅವರ ಚರ್ಚೆಯ ವಿಷಯವಾಗಿತ್ತು. ಆ ಮೌನ ನಮಗೆ ಅಪರಿಚಿತವಲ್ಲ. ವಾರ್ಷಿಕ ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ವೇದಿಕೆಯಲ್ಲಿ ಯಾರಿಗೆ ಕುರ್ಚಿ, ಸ್ಮರಣ ಸಂಚಿಕೆಯಲ್ಲಿ ಯಾರ ಭಾವಚಿತ್ರ ದೊಡ್ಡದು, ಇವುಗಳಿಂದಾಗಿ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡವರು ನಮ್ಮ ಪಾಲನಾ ಪರಿಷತ್ತುಗಳಲ್ಲಿ ಎಷ್ಟಿಲ್ಲ? ಒಂದು ಶಾಲಿಗಾಗಿ, ಒಂದು ಹಾರಕ್ಕಾಗಿ ವಾಳೆಯೇ ಎರಡಾದದ್ದುಂಟು.

ಅಂಥವರ ನಡುವೆ ಬಂದು ನಿಂತ ಮಗುವಿಗೆ ಆ ಕಾಲದಲ್ಲಿ ಇದ್ದ ಬೆಲೆ ಎಷ್ಟು? ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ, ಕ್ರಿಸ್ತಪೂರ್ವ 1ನೇ ವರ್ಷದ ಪಪೈರಸ್ ಪತ್ರವೊಂದಿದೆ. ಕೆಲಸಕ್ಕಾಗಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದ ಹಿಲಾರಿಯನ್ ಎಂಬಾತ ಊರಲ್ಲಿದ್ದ ಗರ್ಭಿಣಿ ಹೆಂಡತಿಗೆ ಬರೆದದ್ದು. ತನ್ನ ಬಗ್ಗೆ ಚಿಂತಿಸಬೇಡ, ಸಂಬಳ ಸಿಕ್ಕಿದೊಡನೆ ಕಳುಹಿಸುತ್ತೇನೆ ಎಂದು ಪ್ರೀತಿಯಿಂದ ಬರೆದವನು, ಹುಟ್ಟುವುದು ಗಂಡಾದರೆ ಇಟ್ಟುಕೋ, ಹೆಣ್ಣಾದರೆ ಹೊರಗೆ ಹಾಕಿಬಿಡು ಎಂದೂ ಅದೇ ಉಸಿರಿನಲ್ಲಿ ಬರೆಯುತ್ತಾನೆ. ಅವನೇನು ರಾಕ್ಷಸನಲ್ಲ. ಪರವೂರಲ್ಲಿ ದುಡಿಯುವ, ಹೆಂಡತಿಯನ್ನು ನೆನೆಯುವ ಸಾಮಾನ್ಯ ಗಂಡಸು. ಆ ಲೋಕದಲ್ಲಿ ಮಗುವಿಗೆ ತನ್ನದೆನ್ನುವ ಹಕ್ಕು ಇರಲಿಲ್ಲ. ಬೇಕೆಂದವರು ಎತ್ತಿಕೊಂಡರೆ ಬದುಕು, ಇಲ್ಲವಾದರೆ ಇಲ್ಲ. ನಾವು ಆ ಕಾಲವನ್ನು ದಾಟಿ ಬಂದೆವು ಎಂದು ಬೀಗುವಂತೆಯೂ ಇಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಗರ್ಭಸ್ಥ ಶಿಶುಗಳ ಲಿಂಗಪತ್ತೆ ನಡೆಯುತ್ತಿದ್ದ ಜಾಲ ಬಯಲಾದದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಲಿಂಗಪತ್ತೆಯನ್ನು ನಿಷೇಧಿಸಿದ ಕಾಯಿದೆ 1994ರಷ್ಟು ಹಳೆಯದು.

ಯಾವ ಹಕ್ಕೂ ಇಲ್ಲದ, ಯಾರಿಗೂ ಪ್ರತಿಫಲ ಕೊಡಲಾಗದ ಆ ಜೀವವನ್ನು ತೋರಿಸಿ, ಸ್ವರ್ಗಸಾಮ್ರಾಜ್ಯದಲ್ಲಿ ದೊಡ್ಡವರು ಇಂಥವರು ಎಂದಾಗ ಶಿಷ್ಯರಿಗೆ ಅದು ಮುದ್ದಾದ ಮಾತಾಗಿ ಕೇಳಿಸಿರಲಾರದು. ನಿಮ್ಮ ಸೇವೆ, ನಿಮ್ಮ ತ್ಯಾಗ, ನನ್ನ ಹಿಂದೆ ಬಂದ ನಿಮ್ಮ ವರ್ಷಗಳು, ಇವು ಯಾವುವೂ ಅರ್ಹತಾ ಪತ್ರವಲ್ಲ, ಕೈ ನೀಡಿ ಪಡೆಯಿರಿ ಎಂದಂತಾಯಿತು. ಮಗುವಿನ ಗುಣ ಎಂದು ನನಗೆ ತೋರುವುದು ಮುಖ್ಯವಾಗಿ ಇದೇ. ಅದು ಪಡೆಯಲು ನಾಚುವುದಿಲ್ಲ. ನಮಗೆ ಕೊಡುವುದು ಸುಲಭ, ರಸೀದಿ ಸಿಗುತ್ತದೆ, ಹೆಸರು ಓದುತ್ತಾರೆ. ಕಷ್ಟದಲ್ಲಿದ್ದೇನೆ, ಸಹಾಯ ಬೇಕು ಎಂದು ಗುರಿಕಾರರ ಮನೆ ಬಾಗಿಲಿಗೆ ಹೋಗುವುದು ಮಾತ್ರ ಕಷ್ಟ.

ಬಾಲಯೇಸುವಿನ ಸಂತ ತೆರೇಜಮ್ಮನವರು ಇದನ್ನೇ ತಮ್ಮ ಕಿರು ದಾರಿ ಎಂದು ಕರೆದರು. ಪರಿಪೂರ್ಣತೆಯ ಮೆಟ್ಟಿಲುಗಳನ್ನು ಹತ್ತಲು ತಾನು ತೀರಾ ಚಿಕ್ಕವಳು, ಆದ್ದರಿಂದ ಶ್ರೀಮಂತರ ಮನೆಗಳಲ್ಲಿರುವ ಲಿಫ್ಟಿನಂತೆ ತನ್ನನ್ನು ಎತ್ತಿಕೊಳ್ಳುವ ಯೇಸುವಿನ ತೋಳುಗಳೇ ಸಾಕು ಎಂಬುದು ಅವರ ಯೋಚನೆ. ಲಿಫ್ಟ್ ಆಗಿನ ಕಾಲಕ್ಕೆ ಹೊಚ್ಚ ಹೊಸ ವಸ್ತು. ಪೋಪ್ ಫ್ರಾನ್ಸಿಸ್ ರವರು 2023ರ ಅಕ್ಟೋಬರ್ 15ರಂದು ಭರವಸೆಯ ಕುರಿತು ಹೊರಡಿಸಿದ ಪ್ರಬೋಧನ ಪತ್ರದಲ್ಲಿ ಇವರನ್ನೇ ಮುಂದಿಟ್ಟರು. ಆದರೆ ಗುಲಾಬಿ ಹೂ ಹಿಡಿದ ಆ ಚಿತ್ರಪಟವನ್ನು ನೋಡಿ ಮೋಸ ಹೋಗಬಾರದು. 24ನೇ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಳ್ಳುವ ಮೊದಲು ಸುಮಾರು ಒಂದೂವರೆ ವರ್ಷ ಅವರು ವಿಶ್ವಾಸದ ಕತ್ತಲೆಯಲ್ಲಿ ಕಳೆದರು, ಸ್ವರ್ಗವೆಂಬುದು ಇದೆಯೇ ಎಂಬ ಶಂಕೆಯೂ ಅವರನ್ನು ಬಾಧಿಸಿತು. ಕತ್ತಲಲ್ಲಿ ಮಗು ಕೈ ಬಿಡದೆ ನಡೆಯುತ್ತದಲ್ಲ, ಆ ಬಾಲ್ಯ ಅವರದು.

ದೂರದ ಲಿಸ್ಯೊಗೆ ಹೋಗುವ ಅಗತ್ಯವೂ ನಮಗಿಲ್ಲ. ಮಂಗಳೂರಿನಲ್ಲೇ ಇಂಥ ಒಬ್ಬರು ಇದ್ದರು. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿ, ಮೂರು ವರ್ಷ ತುಂಬುವ ಮೊದಲೇ ತಂದೆತಾಯಿಯನ್ನು ಕಳೆದುಕೊಂಡ ಮರಿಯಂ ಬವಾರ್ದಿ. ಅಕ್ಷರಜ್ಞಾನ ಅಷ್ಟಕ್ಕಷ್ಟೇ. ತನ್ನನ್ನು ತಾನು ಕರೆದುಕೊಳ್ಳುತ್ತಿದ್ದದ್ದು 'ಪುಟ್ಟ ಶೂನ್ಯ' ಎಂದು. 1870ರಲ್ಲಿ ಮಂಗಳೂರಿನ ಕಾರ್ಮೆಲ್ ಮಠವನ್ನು ಕಟ್ಟಲು ಫ್ರಾನ್ಸಿನಿಂದ ಬಂದ ತಂಡದಲ್ಲಿದ್ದು, 1871ರ ನವೆಂಬರ್ 21ರಂದು ಇಲ್ಲಿಯೇ ವ್ರತ ಸ್ವೀಕಾರ ಮಾಡಿದರು. ಅವರ ಆಧ್ಯಾತ್ಮಿಕ ಅನುಭವಗಳನ್ನು ಇಲ್ಲಿನ ಹಿರಿಯರು ನಂಬಲಿಲ್ಲ. 1872ರಲ್ಲಿ ಅವರನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಲಾಯಿತು. ನಂತರ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟುವಾಗ, ಕೆಲಸದವರಿಗೆ ಕುಡಿಯಲು ನೀರು ಒಯ್ಯುತ್ತಿದ್ದಾಗ ಬಿದ್ದು ಕೈ ಮುರಿದು, ಗಾಯ ಕೊಳೆತು, 1878ರ ಆಗಸ್ಟ್ 26ರಂದು ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ತೆರೇಜಮ್ಮನವರು ಸಂತ ಪದವಿಗೇರಿದ್ದೂ ಮೇ 17ರಂದೇ, 1925ರಲ್ಲಿ. ಆ ಸುದ್ದಿಯನ್ನು ನಾವು ಮಂಗಳೂರಿಗೆ ಸಂದ ಗೌರವವೆಂದು ಸಂಭ್ರಮಿಸಿದೆವು. ಬೇಡವೆಂದು ಹಡಗು ಹತ್ತಿಸಿದ ಮಾತನ್ನು ಆ ಸಂಭ್ರಮದಲ್ಲಿ ಹೆಚ್ಚು ಮಂದಿ ಎತ್ತಲಿಲ್ಲ. ಆಗಿನವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎಚ್ಚರಿಕೆ ಅವರ ಜವಾಬ್ದಾರಿಯೇ ಆಗಿತ್ತು. ಆದರೂ ಚಿಕ್ಕವರು ನಮ್ಮ ನಡುವೆಯೇ ನಿಂತಿರುವಾಗ ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಎಷ್ಟು ಸುಲಭ ನೋಡಿ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. 'ಮಗುವಿನಂತೆ ಇರಿ' ಎಂಬ ಮಾತನ್ನು 'ಬಾಯಿ ಮುಚ್ಚಿಕೊಂಡಿರಿ' ಎಂಬ ಅರ್ಥದಲ್ಲಿ ಬಳಸುವ ಅಭ್ಯಾಸ ನಮ್ಮಲ್ಲಿದೆ. ಲೆಕ್ಕಪತ್ರ ಕೇಳಿದ ಸದಸ್ಯನಿಗೆ, ಪ್ರಶ್ನೆ ಎತ್ತಿದ ಯುವತಿಗೆ, ವಿಧೇಯತೆಯ ಪಾಠವಾಗಿ ಇದನ್ನು ಹೇಳುವುದನ್ನು ಕೇಳಿದ್ದೇನೆ. ಮೊದಲನೆಯದಾಗಿ, ಮಕ್ಕಳು ಬಾಯಿ ಮುಚ್ಚಿಕೊಂಡಿರುವುದಿಲ್ಲ. "ಯಾಕೆ?" ಎನ್ನುವುದು ಅವರ ಅತಿ ಪ್ರೀತಿಯ ಪದ. ಎರಡನೆಯದಾಗಿ, ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಕೆಡುಕಿನ ವಿಷಯದಲ್ಲಿ ಶಿಶುಗಳಾಗಿರಬೇಕು, ಬುದ್ಧಿಯಲ್ಲಿ ಮಾತ್ರ ಬೆಳೆದವರಾಗಿರಬೇಕು ಎಂದು ಬೇರೆ ಬೇರೆ ಮಾಡಿ ತಿಳಿಸಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಮತ್ತಾಯನ 18ನೇ ಅಧ್ಯಾಯದಲ್ಲಿ ಮಗುವನ್ನು ತೋರಿಸಿದ ಬೆನ್ನಿಗೇ, ಈ ಚಿಕ್ಕವರಲ್ಲಿ ಒಬ್ಬರಿಗೆ ಕೇಡು ಮಾಡುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಎಸೆಯುವುದೇ ಲೇಸು ಎಂಬ ಕಠೋರ ಮಾತು ಬರುತ್ತದೆ. ಮೊದಲ ಭಾಗವನ್ನು ನಾವು ಚಿತ್ರಪಟ ಮಾಡಿ ಗೋಡೆಗೆ ಹಾಕಿದ್ದೇವೆ, ಎರಡನೆಯದನ್ನು ಬಹುಕಾಲ ಮಡಿಸಿಟ್ಟೆವು. ಜಗತ್ತಿನ ನಾನಾ ದೇಶಗಳಲ್ಲಿ ಧರ್ಮಸಭೆಯ ಒಳಗೇ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು, ಅವುಗಳನ್ನು ಮುಚ್ಚಿಟ್ಟ ರೀತಿ ಹೊರಬಂದ ನಂತರ, 2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ರವರು ಧರ್ಮಾಧ್ಯಕ್ಷರ ಮಂಡಳಿಗಳ ಅಧ್ಯಕ್ಷರನ್ನು ವ್ಯಾಟಿಕನ್‌ಗೆ ಕರೆಸಿ ಸಭೆ ನಡೆಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ದೂರು ಸ್ವೀಕಾರ ಮತ್ತು ತನಿಖೆಯ ನಿಯಮಗಳು ಬಂದವು, 2023ರಲ್ಲಿ ಅವು ಪರಿಷ್ಕಾರಗೊಂಡು ಶಾಶ್ವತವಾದವು. ನಮ್ಮ ದೇಶದ ಕಾನೂನು ಇನ್ನೂ ನೇರವಾಗಿದೆ. 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಥವಾ ನಡೆಯುವ ಸಂಭವವಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಮಿನಡಿ ಶಿಕ್ಷಾರ್ಹ. ಕ್ರೈಸ್ತ ಶಿಕ್ಷಕರು, ಗಾಯನ ಮಂಡಳಿಯ ತರಬೇತುದಾರರು, ಹಾಸ್ಟೆಲ್ ವಾರ್ಡನ್‌ಗಳು, ಗುರಿಕಾರರು, ಎಲ್ಲರಿಗೂ ಇದು ಅನ್ವಯ. "ಮಾನ ಹೋಗುತ್ತದೆ, ಒಳಗೊಳಗೇ ಸರಿ ಮಾಡೋಣ" ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ, ಶುಭಸಂದೇಶದಲ್ಲಂತೂ ಮೊದಲೇ ಇಲ್ಲ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಧರ್ಮೋಪದೇಶ ಕೊಠಡಿಯ ಬಾಗಿಲಿಗೆ ಅಂಟಿಸಲು ಖರ್ಚೇನೂ ಆಗದು.

ಸಣ್ಣ ಸಂಗತಿಗಳಲ್ಲೂ ನಮ್ಮ ಮನಸ್ಸು ತಿಳಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡದ ಶಿಷ್ಯರ ಮೇಲೆ ಯೇಸುಸ್ವಾಮಿ ಸಿಟ್ಟಾದರೆಂದು ಮಾರ್ಕ 10ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಶಿಷ್ಯರ ಉದ್ದೇಶ ಕೆಟ್ಟದ್ದೇನಲ್ಲ, ಶಿಸ್ತು ಕಾಪಾಡುವುದು. ಭಾನುವಾರದ ಪೂಜೆಯಲ್ಲಿ ಕೂಸು ಅತ್ತೊಡನೆ ಹತ್ತು ತಲೆಗಳು ತಿರುಗುತ್ತವೆ, ತಾಯಿ ಅಪರಾಧಿಯಂತೆ ಎದ್ದು ವರಾಂಡಕ್ಕೆ ಹೋಗುತ್ತಾಳೆ, ಮುಂದಿನ ವಾರ ಬರುವುದೇ ಇಲ್ಲ. 2014ರ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ನೀಡುವಾಗ ಪೋಪ್ ಫ್ರಾನ್ಸಿಸ್, ಮಗು ಹಸಿದರೆ ಸಂಕೋಚಪಡದೆ ಹಾಲು ಕೊಡಿ ಎಂದು ತಾಯಂದಿರಿಗೆ ಹೇಳಿದರು. ಮೈಕಲೆಂಜಲೊನ ಚಿತ್ರಗಳ ಕೆಳಗೆ ಆಗುವುದಾದರೆ ನಮ್ಮ ಹಂಚಿನ ಮಾಡಿನ ಕೆಳಗೂ ಆದೀತು. ಹಾಗೆಯೇ ಪ್ರಥಮ ಪರಮಪ್ರಸಾದ. ಹತ್ತನೇ ಭಕ್ತಿನಾಥ ಪಿಯೂಸರು 1910ರಲ್ಲಿ ಏಳರ ಸುಮಾರಿನ ಮಕ್ಕಳಿಗೂ ಪರಮಪ್ರಸಾದ ಕೊಡಬಹುದೆಂದು ಅಪ್ಪಣೆ ಮಾಡಿದ್ದು ಮಕ್ಕಳು ಬೇಗನೆ ಯೇಸುವನ್ನು ಸೇರಲಿ ಎಂದು. ಇಂದು ಹಾಲ್, ಕೇಕ್, ಡ್ರೋನ್ ಕ್ಯಾಮೆರಾ, ಮುನ್ನೂರು ಜನರ ಊಟ ಸೇರಿಕೊಂಡು, ಗಲ್ಫ್‌ನಿಂದ ಕೆಲಸ ಬಿಟ್ಟು ಬಂದ ತಂದೆಯೊಬ್ಬರು "ಮುಂದಿನ ವರ್ಷ ಮಾಡೋಣ, ಈಗ ಕೈಯಲ್ಲಿ ಆಗುವುದಿಲ್ಲ" ಎಂದು ನನ್ನ ಬಳಿ ಹೇಳುವ ಮಟ್ಟಕ್ಕೆ ಬಂದಿದೆ. ಮಗಳ ಕಣ್ಣಲ್ಲಿ ನೀರಿತ್ತು. ಅದು ಪಾರ್ಟಿಗಾಗಿ ಅಲ್ಲ.

ಕೊನೆಗೆ ನನ್ನ ತರಗತಿಯ ಒಂದು ಘಟನೆ. ಕ್ಷಮೆಯ ಪಾಠ. ಜಗಳವಾಡಿದವನ ಜೊತೆ ಮೊದಲು ರಾಜಿ ಮಾಡಿಕೊಂಡು ಆಮೇಲೆ ಬಲಿಪೀಠಕ್ಕೆ ಕಾಣಿಕೆ ತರಬೇಕು ಎಂದು ವಿವರಿಸುತ್ತಿದ್ದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಟೀಚರ್, ಹಾಗಾದರೆ ನಮ್ಮ ಪಪ್ಪ ಮತ್ತು ದೊಡ್ಡಪ್ಪ ಇಬ್ಬರೂ ಕಮುನ್ಯಾಂವ್ ತೆಗೆದುಕೊಳ್ಳುತ್ತಾರಲ್ಲ, ಅವರು ಮಾತಾಡುವುದೇ ಇಲ್ಲ. ಅದು ಹೇಗೆ?" ತರಗತಿಯಲ್ಲಿ ಸದ್ದಿಲ್ಲ. ಊರಿಗೆಲ್ಲ ಗೊತ್ತಿರುವ ಜಾಗದ ತಕರಾರು. ಬಾವಿ ಯಾರ ಪಾಲಿಗೆ ಎಂಬಲ್ಲಿಂದ ಶುರುವಾಗಿ ಕೋರ್ಟಿಗೆ ಹೋಗಿ ಆರು ವರ್ಷ. ಅಣ್ಣ ಬಲಗಡೆಯ ಬೆಂಚು, ತಮ್ಮ ಎಡಗಡೆಯ ಬೆಂಚು. ಅಣ್ಣನ ಮಗ ಅವಳ ಹಿಂದಿನ ಸಾಲಿನಲ್ಲೇ ಕುಳಿತಿದ್ದ. ಹಿಂದಿನ ವಾರ ಪೆನ್ಸಿಲಿಗಾಗಿ ಇಬ್ಬರೂ ಜುಟ್ಟು ಹಿಡಿದುಕೊಂಡು ಹೊಡೆದಾಡಿದ್ದರು. ಈಗ ಅವನ ಕಿಸೆಯ ಹುರಿಗಡಲೆ ಅವಳ ಕೈಯಲ್ಲಿತ್ತು.

ನನಗೆ ಉತ್ತರ ಹೊಳೆಯಲಿಲ್ಲ. "ಮನೆಗೆ ಹೋಗಿ ಪಪ್ಪನನ್ನೇ ಕೇಳು" ಎಂದುಬಿಟ್ಟೆ. ಅದು ಜಾಣತನವಲ್ಲ, ತಪ್ಪಿಸಿಕೊಳ್ಳುವ ಉಪಾಯ. ಅವಳು ನಿಜವಾಗಿಯೂ ಕೇಳಿದಳಂತೆ. ಪೆಟ್ಟು ಬಿತ್ತೋ ಏನೋ, ನಾನು ವಿಚಾರಿಸಲಿಲ್ಲ.

ತೆನೆ ಹಬ್ಬದ ದಿನ ಹೊಸ ಅಕ್ಕಿಯ ಕಾಳುಗಳನ್ನು ಪುಡಿ ಮಾಡಿ ಹಾಲಿಗೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚಿದ ಮೇಲೆಯೇ ನಮ್ಮಲ್ಲಿ ಊಟ. ದೂರದಲ್ಲಿರುವವರಿಗೆ ಎರಡು ಕಾಳನ್ನಾದರೂ ಲಕೋಟೆಯಲ್ಲಿಟ್ಟು ದುಬೈಗೆ, ಮುಂಬೈಗೆ ಕಳುಹಿಸುತ್ತೇವೆ. ಆ ಮನೆಯವರಿಗೆ ಆರು ವರ್ಷಗಳಿಂದ ಎರಡು ಊಟ, ನಡುವೆ ಒಂದು ಆವರಣ ಗೋಡೆ. ಕೇಸು ಇನ್ನೂ ಮುಗಿದಿಲ್ಲ. ಆದರೆ 2025ರ ಹಬ್ಬದ ದಿನ ಪೂಜೆ ಮುಗಿದು ಕಬ್ಬು ಹಂಚಿ ಆದ ಮೇಲೆ ಆ ತಂದೆ ತಮ್ಮ ಪಾಲಿನ ಆಶೀರ್ವದಿಸಿದ ತೆನೆಯಲ್ಲಿ ಅರ್ಧ ಮುರಿದು, "ದೊಡ್ಡಪ್ಪನಿಗೆ ಕೊಟ್ಟು ಬಾ" ಎಂದು ಮಗಳ ಕೈಗೆ ಕೊಟ್ಟದ್ದನ್ನು ನಾನು ಮೆಟ್ಟಿಲ ಬಳಿಯಿಂದ ನೋಡಿದೆ. ತಾವು ಹೋಗಲಿಲ್ಲ. ಸ್ಕೂಟರಿಗೆ ಒರಗಿ, ಬೇರೆ ಕಡೆ ನೋಡುತ್ತಾ ನಿಂತಿದ್ದರು. ಅವಳು ಒಂದು ಕೈಯಲ್ಲಿ ಕಬ್ಬು, ಇನ್ನೊಂದರಲ್ಲಿ ತೆನೆ ಹಿಡಿದು ಅಂಗಳದ ಆಚೆ ಬದಿಗೆ ಓಡಿದಳು.